ಹೂತೋಟ ಪ್ರಶ್ನೋತ್ತರ: ವರ್ಷವರ್ಷವೂ ಚಿಗುರುವ ಸೂರ್ಯಕಾಂತಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡದ ಸುತ್ತ ಇವೆ, ಅದೂ ಬಹುಪಾಲು ಹೊರದೇಶದ ಓದುಗರಿಂದ. ಗದಗ, ಕೊಪ್ಪಳ, ಬಳ್ಳಾರಿ ಕಡೆ ಹೊಲದಲ್ಲಿ ಕಾಣುವ ಸೂರ್ಯಕಾಂತಿ ಮೂರು, ಮೂರೂವರೆ ತಿಂಗಳ ಬೆಳೆ. ಕಾಳು ಬಲಿತರೆ ಗಿಡದ ಆಯುಸ್ಸು ಮುಗಿಯಿತು. ಇಲ್ಲಿ ಕೇಳಿರುವುದು ಅದರ ದಾಯಾದಿಗಳ ಬಗ್ಗೆ. ಉತ್ತರ ಅಮೆರಿಕದ ಹುಲ್ಲುಗಾವಲು, ಜೌಗು, ಕಾಡಂಚುಗಳಲ್ಲಿ ಹುಟ್ಟಿ ಬೆಳೆದ ಈ ಜಾತಿಗಳು ಚಳಿಗೆ ಮೇಲಿನ ಕಾಂಡ ಒಣಗಿದರೂ ನೆಲದೊಳಗೆ ಬುಡ ಉಳಿಸಿಕೊಂಡು ವಸಂತದಲ್ಲಿ ಮತ್ತೆ ಚಿಗುರುತ್ತವೆ. ಎಲ್ಲರೂ ಹೂವಿನ ಚಿತ್ರ ನೋಡಿ ಕೊಂಡಿದ್ದಾರೆ, ತೊಂದರೆ ಮಾತ್ರ ಬೇರಿನಿಂದ ಬಂದಿದೆ. ಹಾಗಾಗಿ ಉತ್ತರಗಳಲ್ಲೂ ಬೇರಿನ ಮಾತೇ ಜಾಸ್ತಿ.

ಪ್ರಶ್ನೆ: ಹೊಸ ಮನೆಯ ಹಿತ್ತಲಲ್ಲಿ ಬೇಲಿಯುದ್ದಕ್ಕೂ 20 ಅಡಿ ಉದ್ದ, 4 ಅಡಿ ಅಗಲದ ಹೂಪಾತಿ ಗುರುತು ಮಾಡಿದ್ದೇವೆ. ಹಿಂಬದಿಗೆ ಬಹುವಾರ್ಷಿಕ ಸೂರ್ಯಕಾಂತಿ ಹಾಕುವ ಆಸೆ. ಯಾವ ತಳಿ, ಎಷ್ಟು ಗಿಡ, ಯಾವಾಗ, ಹೇಗೆ ನೆಡಬೇಕು?
– ಎಡಿಸನ್, ನ್ಯೂಜೆರ್ಸಿಯಿಂದ ಒಬ್ಬ ಓದುಗರು

ಉತ್ತರ: ಮೊದಲು ಅಗಲದ ವಿಚಾರ. 4 ಅಡಿ ಪಾತಿಯಲ್ಲಿ 7–8 ಅಡಿ ಎತ್ತರದ ಗಿಡ ನಿಲ್ಲಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಅದು ಹುಲ್ಲಿನ ಮೇಲೆ ಮಲಗಿರುತ್ತದೆ. ಗಿಡದ ಎತ್ತರ ಪಾತಿಯ ಅಗಲವನ್ನು ಮೀರದಿದ್ದರೆ ಒಳ್ಳೆಯದು ಎಂಬುದು ನಮ್ಮ ಲೆಕ್ಕ. ಆದ್ದರಿಂದ ಎಲ್ಲರೂ ಹೊಗಳುವ ‘ಲೆಮನ್ ಕ್ವೀನ್’ ನಿಮಗೆ ಬೇಡ. ಅದಕ್ಕೆ 6 ಅಡಿಗೂ ಹೆಚ್ಚು ಅಗಲದ ಪಾತಿ ಬೇಕು, ಒಂದೊಂದು ಬುಡವೂ ಮೂರು ನಾಲ್ಕು ವರ್ಷದಲ್ಲಿ 3–4 ಅಡಿ ಜಾಗ ಹಿಡಿಯುತ್ತದೆ. ನಿಮಗೆ ಹೊಂದುವುದು ವಿಲೋ ಎಲೆಯ ಸೂರ್ಯಕಾಂತಿ, ಅಂದರೆ ಹೆಲಿಯಾಂಥಸ್ ಸ್ಯಾಲಿಸಿಫೋಲಿಯಸ್ ಜಾತಿಯ ಗಿಡ್ಡ ತಳಿಗಳು. ‘ಫಸ್ಟ್ ಲೈಟ್’ 3ರಿಂದ 4 ಅಡಿ, ‘ಆಟಮ್ ಗೋಲ್ಡ್’ ಎರಡೂವರೆ ಅಡಿಯೊಳಗೆ. ಎರಡೂ ಬುಡದಲ್ಲೇ ಗುಂಪಾಗಿ ನಿಧಾನವಾಗಿ ದಪ್ಪವಾಗುವಂಥವು, ನೆಲದಡಿ ದೂರ ಓಡುವುದಿಲ್ಲ.

ಆದರೆ 20 ಅಡಿಯೂ ಇದೇ ಗಿಡವಾದರೆ ಆಗಸ್ಟ್ ಕಳೆಯುವವರೆಗೆ ನಿಮ್ಮ ಪಾಲಿಗೆ ಹಸಿರು ಎಲೆ ಮಾತ್ರ. ಇವು ಅರಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಹಾಗಾಗಿ ಎರಡು ತುದಿಯಲ್ಲಿ ಮೂರು ಮೂರು ‘ಫಸ್ಟ್ ಲೈಟ್’, ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ನಡುವಿನ 5 ಅಡಿಯಲ್ಲಿ ಎರಡು ಹೆಲಿಯಾಪ್ಸಿಸ್. ಹೆಲಿಯಾಪ್ಸಿಸ್ ನಿಜವಾದ ಸೂರ್ಯಕಾಂತಿ ಕುಲದ್ದಲ್ಲ, ನೋಟ ಅದೇ. ಜುಲೈನಲ್ಲಿ ಶುರುವಾಗಿ ವಾರಗಟ್ಟಲೆ ಹೂ ಬಿಡುತ್ತದೆ, ಬಾಡಿದ ಹೂ ಚಿವುಟುತ್ತಿದ್ದರೆ ಇನ್ನೂ ಉದ್ದಕ್ಕೆ. ಮುಂದಿನ ಸಾಲಿಗೆ ಆಸ್ಟರ್, ಸೀಡಮ್ ಅಥವಾ ಗಿಡ್ಡ ಹುಲ್ಲು ಯಾವುದಾದರೂ ಇರಲಿ. ಸೂರ್ಯಕಾಂತಿಯ ಕೆಳಗಿನ ಎಲೆಗಳು ಆಗಸ್ಟ್‌ನಲ್ಲೇ ಕಂದಾಗಿ ಉದುರುತ್ತವೆ. ಆ ಬೋಳು ಕಾಲು ಮುಚ್ಚಲು ಏನಾದರೂ ಬೇಕೇ ಬೇಕು.

ದಿನಕ್ಕೆ 6 ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು ಬೇಕು. ಬೇಲಿ ಪಾತಿಯ ಉತ್ತರಕ್ಕಿದ್ದರೆ ಅದೃಷ್ಟ, ಗಿಡ ದಕ್ಷಿಣದ ಬೆಳಕಿಗೆ ವಾಲಿ ಹೂವೆಲ್ಲ ನಿಮ್ಮ ಕಡೆಗೇ ಇರುತ್ತವೆ. ಬೇಲಿ ದಕ್ಷಿಣಕ್ಕಿದ್ದರೆ ಗಿಡಕ್ಕೆ ನೆರಳು, ಮೇಲೆದ್ದ ಹೂವು ನೋಡುವ ಭಾಗ್ಯ ಪಕ್ಕದ ಮನೆಯವರಿಗೆ.

ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣು ತೆಗೆದು, ಯಂತ್ರ ಓಡಿಸಿ ಗಟ್ಟಿಯಾದ ಕೆಳಮಣ್ಣೇ ಉಳಿದಿರುವುದು ಸಾಮಾನ್ಯ. ಗಿಡ ತರುವ ಮೊದಲೇ ನೀರು ಇಳಿಯುವುದನ್ನು ನೋಡಿಕೊಳ್ಳಿ. ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಅಳೆಯಿರಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಪಾತಿಯನ್ನು 6–8 ಇಂಚು ಎತ್ತರಿಸಬೇಕು. ಚಳಿಗಾಲದಲ್ಲಿ ನೀರು ನಿಂತ ಬುಡ ಹಿಮಕ್ಕಿಂತ ಮೊದಲು ಕೊಳೆತದಿಂದ ಸಾಯುತ್ತದೆ. ಹುಲ್ಲನ್ನು ಬೇರುಸಹಿತ ತೆಗೆದು, ಒಂದು ಅಡಿ ಆಳ ಅಗೆದು ಸಡಿಲಿಸಿ, 2 ಇಂಚು ದಪ್ಪಕ್ಕೆ ಕಾಂಪೋಸ್ಟ್ ಹರಡಿ ಮೇಲಿನ 8 ಇಂಚಿನೊಳಗೆ ಬೆರೆಸಿ. ನಿಮ್ಮ 80 ಚದರಡಿಗೆ ಸುಮಾರು ಅರ್ಧ ಕ್ಯೂಬಿಕ್ ಯಾರ್ಡ್ ಸಾಕು. ಚೀಲದಲ್ಲಿ ಕೊಳ್ಳುವುದಾದರೆ ಒಂದು ಕ್ಯೂಬಿಕ್ ಅಡಿಯ 13 ಚೀಲ. ಇದರ ಮೇಲೆ ರಾಸಾಯನಿಕ ಗೊಬ್ಬರ ಬೇಡ.

ನೆಡುವ ಕಾಲ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಹಸಿರುಮನೆಯಿಂದ ನೇರ ಬಂದ ಎಳೆ ಗಿಡವಾದರೆ ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಪಳಗಿಸಿ. ನೆಡುವ ದಿನ ಕುಂಡವನ್ನು ಬಕೆಟ್ ನೀರಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿಡಿ. ಗುಂಡಿ ಕುಂಡದ ಎರಡರಷ್ಟು ಅಗಲ, ಆಳ ಮಾತ್ರ ಕುಂಡದಷ್ಟೇ. ಹೆಚ್ಚು ಆಳ ತೋಡಿ ಮಣ್ಣು ತುಂಬಿದರೆ ಅದು ಕುಸಿದು ಬುಡ ತಗ್ಗಿಗೆ ಇಳಿಯುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಬೇರು ಕುಂಡದೊಳಗೆ ಸುತ್ತಿಕೊಂಡಿದ್ದರೆ ಬೇರುಮುದ್ದೆಯ ನಾಲ್ಕು ಕಡೆ ಚಾಕುವಿನಿಂದ ಮೇಲಿಂದ ಕೆಳಗೆ ಅರ್ಧ ಇಂಚು ಆಳ ಗೀರಿ. ಕೈ ನಡುಗುವ ಕೆಲಸವೇ ಹೌದು. ಗೀರದೆ ನೆಟ್ಟರೆ ಮಾತ್ರ ಬೇರು ಎರಡನೇ ವರ್ಷವೂ ಅದೇ ಕುಂಡದ ಆಕಾರದಲ್ಲೇ ಸುತ್ತುತ್ತಿರುತ್ತದೆ, ಗಾಳಿಗೆ ಗಿಡ ಬುಡಸಮೇತ ಅಲುಗುತ್ತದೆ. ಬೇರುಮುದ್ದೆಯ ಮೇಲ್ಭಾಗ ನೆಲದ ಮಟ್ಟಕ್ಕೆ ಸರಿಯಾಗಿ ಬರಲಿ. ತೆಗೆದ ಮಣ್ಣನ್ನೇ ತುಂಬಿ, ಕೈಯಿಂದ ಒತ್ತಿ, 4–5 ಲೀಟರ್ ನೀರನ್ನು ಎರಡು ಕಂತಿನಲ್ಲಿ ಕೊಡಿ. ಆಮೇಲೆ 2 ಇಂಚು ಮರದ ಚಕ್ಕೆಯ ಹೊದಿಕೆ ಹಾಕಿ. ಕಾಂಡದ ಸುತ್ತ ಮೂರು ಬೆರಳಗಲ ಖಾಲಿ ಬಿಡಿ. ಬೇಲಿಯಿಂದ ಒಂದೂವರೆ ಅಡಿ ದೂರ ಇರಲಿ, ಗಾಳಿಯಾಡಲೂ ನೀವು ಹಿಂದೆ ಹೋಗಿ ಕೈಯಾಡಿಸಲೂ ಬೇಕಾಗುತ್ತದೆ.

ಮೊದಲ ಎರಡು ವಾರ ಎರಡು ದಿನಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ ನೀರು ಹಾಕಿ. ಅಲ್ಲಿಂದ ಮೊದಲ ವರ್ಷವಿಡೀ ಮಳೆ ಸೇರಿ ವಾರಕ್ಕೆ ಒಂದು ಇಂಚು ನೀರು. ಒಂದು ಗಿಡದ ಸುತ್ತಲಿನ 4 ಚದರಡಿಗೆ ಲೆಕ್ಕ ಹಾಕಿದರೆ 9–10 ಲೀಟರ್, ಒಂದೇ ಸಲ. ದಿನಾ ಒಂದು ಲೋಟ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಮೊದಲ ವರ್ಷ ಹೂ ಕಡಿಮೆ ಬಂದರೆ ಗಾಬರಿ ಬೇಡ. ಗಿಡ ಆ ವರ್ಷ ನೆಲದ ಕೆಳಗೆ ದುಡಿಯುತ್ತಿರುತ್ತದೆ.

ಸೆಪ್ಟೆಂಬರ್‌ನಲ್ಲಿ ಹೂ ಬಿಟ್ಟ ಗಿಡವನ್ನು ನರ್ಸರಿಗಳು ಅರ್ಧ ಬೆಲೆಗೆ ಮಾರುತ್ತವೆ. ಕೊಳ್ಳಬಾರದೆಂದಿಲ್ಲ. ನೆಲ ಹೆಪ್ಪುಗಟ್ಟುವುದಕ್ಕೆ ಆರು ವಾರ ಮೊದಲಾದರೂ ನೆಟ್ಟು, ಹೂವನ್ನೆಲ್ಲ ಕತ್ತರಿಸಿಬಿಡಿ. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಕರಗಿ ಮಾಡುವಾಗ ಬೇರೂರದ ಬುಡವನ್ನು ಮೇಲಕ್ಕೆ ತಳ್ಳುತ್ತದೆ. ಕರಗಿದ ದಿನ ಹೋಗಿ ಅಂಗೈಯಿಂದ ಒತ್ತಿ ಕೂರಿಸಬೇಕು.

ಪ್ರಶ್ನೆ: ‘ಲೆಮನ್ ಕ್ವೀನ್’ ಬಹುವಾರ್ಷಿಕ ಎಂದು ಓದಿ ಬೀಜದ ಪೊಟ್ಟಣ ತಂದು ಹಾಕಿದೆವು. ಚೆನ್ನಾಗಿ ಹೂ ಬಿಟ್ಟಿತು. ಮರುವರ್ಷ ಒಂದೂ ಬರಲಿಲ್ಲ. ಚಳಿಗೆ ಸತ್ತಿತೇ?
– ಸ್ಲೌ, ಇಂಗ್ಲೆಂಡ್

ಉತ್ತರ: ಚಳಿಯ ತಪ್ಪಿಲ್ಲ. ಒಂದೇ ಹೆಸರಿನಲ್ಲಿ ಎರಡು ಬೇರೆ ಗಿಡಗಳಿವೆ. ಪೊಟ್ಟಣದಲ್ಲಿದ್ದದ್ದು ಹೊಲದ ಸೂರ್ಯಕಾಂತಿಯದೇ ನಿಂಬೆಬಣ್ಣದ ತಳಿ, ಒಂದು ವರ್ಷದ್ದು, ಕಂದು ನಡುವಿನ ದೊಡ್ಡ ಹೂ. ಬಹುವಾರ್ಷಿಕ ‘ಲೆಮನ್ ಕ್ವೀನ್’ ಮಿಶ್ರತಳಿ. ಎರಡು ಇಂಚಿನಾಸುಪಾಸಿನ ಸಣ್ಣ ಹೂಗಳು ನೂರಾರು, ನಡುಭಾಗವೂ ಹಳದಿ. ಅದನ್ನು ಬುಡ ಸೀಳಿ ಅಥವಾ ಎಳೆ ಚಿಗುರು ಕತ್ತರಿಸಿ ನೆಟ್ಟು ಮಾತ್ರ ವೃದ್ಧಿ ಮಾಡುತ್ತಾರೆ. ಅಂದಮೇಲೆ ಗಿಡವಾಗಿಯೇ ಕೊಳ್ಳಬೇಕು, ಅದರ ಬೀಜ ಎಂದು ಮಾರುವವರನ್ನು ನಂಬಬೇಡಿ.

ನಿಮ್ಮ ಹವೆಗೆ ಮಲ್ಟಿಫ್ಲೋರಸ್ ಗುಂಪಿನ ‘ಲಾಡನ್ ಗೋಲ್ಡ್’, ‘ಕೇಪ್‌ನಾಕ್ ಸ್ಟಾರ್’ ಕೂಡ ಒಗ್ಗುತ್ತವೆ, ಎರಡೂ ಸುಮಾರು 5 ಅಡಿ. ಇವೂ ಬೀಜ ಕಟ್ಟದ ಮಿಶ್ರತಳಿಗಳು, ಹಾಗಾಗಿ ಎಲ್ಲೆಂದರಲ್ಲಿ ಸಸಿ ಏಳುವ ಕಾಟವಿಲ್ಲ. ಬಹುವಾರ್ಷಿಕ ‘ಲೆಮನ್ ಕ್ವೀನ್’ ಸೇರಿ ಈ ಮೂರಕ್ಕೂ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಗಾರ್ಡನ್ ಮೆರಿಟ್ ಪ್ರಶಸ್ತಿ ಸಿಕ್ಕಿದೆ.

ಇಂಗ್ಲೆಂಡಿನಲ್ಲಿ ನಿಮ್ಮ ನಿಜವಾದ ಶತ್ರು ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು. ಮಾರ್ಚ್–ಏಪ್ರಿಲ್‌ನಲ್ಲಿ ಬುಡದಿಂದ ಏಳುವ ಒಂದಿಂಚಿನ ಚಿಗುರನ್ನೇ ರಾತ್ರೋರಾತ್ರಿ ತಿಂದು ಮುಗಿಸುತ್ತದೆ. ನೀವು ಗಿಡ ಚಳಿಗೆ ಸತ್ತಿದೆ ಅಂದುಕೊಳ್ಳುತ್ತೀರಿ. ಬುಡದ ಮೇಲಿನ ಹಳೆಯ ಹೊದಿಕೆ ಫೆಬ್ರುವರಿಯಲ್ಲಿ ಸರಿಸಿ, ಚಿಗುರು ಒಂದು ಅಡಿ ಆಗುವವರೆಗೆ ಸಂಜೆ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ಗುಳಿಗೆ ಹಾಕುವುದಾದರೆ ಫೆರಿಕ್ ಫಾಸ್ಫೇಟ್ ಮಾತ್ರ. ಮೆಟಾಲ್ಡಿಹೈಡ್ ಗುಳಿಗೆಯನ್ನು ಗ್ರೇಟ್ ಬ್ರಿಟನ್‌ನಲ್ಲಿ ತೋಟದ ಬಳಕೆಗೆ 2022ರ ವಸಂತದಿಂದ ನಿಷೇಧಿಸಲಾಗಿದೆ, ಹಳೆಯ ಡಬ್ಬಿ ಶೆಡ್ಡಿನಲ್ಲಿದ್ದರೂ ಬಳಸುವಂತಿಲ್ಲ.

ಪ್ರಶ್ನೆ: ಮ್ಯಾಕ್ಸಿಮಿಲಿಯನ್ ಸೂರ್ಯಕಾಂತಿ ಮೂರನೇ ವರ್ಷಕ್ಕೆ 9 ಅಡಿ ಬೆಳೆದು, ಹೂ ಬಿಡುವ ಹೊತ್ತಿಗೆ ಗಾಳಿಮಳೆಗೆ ಪೂರ್ತಿ ಅಡ್ಡಬಿತ್ತು. ಹಗ್ಗ ಕಟ್ಟಿ ಎತ್ತಿದರೆ ಕಾಂಡಗಳೇ ಮುರಿದವು. ಪ್ರತಿ ವರ್ಷವೂ ಹೀಗೇನೇ?
– ನೇಪರ್‌ವಿಲ್, ಇಲಿನಾಯ್

ಉತ್ತರ: ಬಿದ್ದ ಮೇಲೆ ಎತ್ತಬಾರದು. ಕಾಂಡ ಆಗಲೇ ಬಾಗಿ ನಾರುಗಟ್ಟಿರುತ್ತದೆ, ನೆಟ್ಟಗೆ ಮಾಡಹೋದರೆ ಬುಡದಲ್ಲಿ ಸೀಳುತ್ತದೆ. ಆ ವರ್ಷ ಹೂ ಕತ್ತರಿಸಿ ಹೂದಾನಿಗೆ ಹಾಕಿಕೊಳ್ಳುವುದೇ ಸರಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ: ಪಾತಿ ಹುಲ್ಲುಹಾಸಿಗೆ ತಾಗಿದೆ, ಹುಲ್ಲಿಗೆ ವರ್ಷಕ್ಕೆ ನಾಲ್ಕು ಸಲ ಗೊಬ್ಬರ, ದಿನ ಬಿಟ್ಟು ದಿನ ಸ್ಪ್ರಿಂಕ್ಲರ್. ಕಾರಣ ಅಲ್ಲೇ ಇದೆ. ಇದು ಹುಲ್ಲುಗಾವಲಿನ ಗಿಡ. ಅಲ್ಲಿ ಬಡ ಮಣ್ಣಿನಲ್ಲಿ, ಸುತ್ತ ಒತ್ತಾದ ಹುಲ್ಲಿನ ಆಸರೆಯಲ್ಲಿ ನಿಲ್ಲುತ್ತದೆ. ಹುಲ್ಲಿನ ಗೊಬ್ಬರದ ಸಾರಜನಕ, ಮೇಲಿಂದ ನೀರು, ಸುತ್ತ ಖಾಲಿ ಜಾಗ, ಮೂರೂ ಕೂಡಿದರೆ ಕಾಂಡ ಉದ್ದವಾಗುತ್ತದೆ, ಗಟ್ಟಿಯಾಗುವುದಿಲ್ಲ. ಗೊಬ್ಬರ ಹರಡುವ ಯಂತ್ರ ಪಾತಿಯ ಅಂಚಿನಿಂದ 3 ಅಡಿ ದೂರ ನಿಲ್ಲಲಿ, ಸ್ಪ್ರಿಂಕ್ಲರ್ ತಲೆಯ ದಿಕ್ಕು ತಿರುಗಿಸಿ.

ಜೊತೆಗೆ ಕತ್ತರಿ ಕೆಲಸ. ಮೇ ಮೊದಲ ಭಾಗದಲ್ಲಿ ಚಿಗುರು ಗೇಣುದ್ದ ಇರುವಾಗ ಮೂರರಲ್ಲಿ ಒಂದು ಚಿಗುರನ್ನು, ತೆಳ್ಳಗಿನವನ್ನೇ ಆರಿಸಿ, ಬುಡದಿಂದ ತೆಗೆದುಬಿಡಿ. ಉಳಿದವು ಎರಡು, ಎರಡೂವರೆ ಅಡಿ ಆದಾಗ, ನಿಮ್ಮಲ್ಲಿ ಅದು ಮೇ ಕೊನೆಯಿಂದ ಜೂನ್ ಮೊದಲ ವಾರ, ಅರ್ಧಕ್ಕೆ ಕತ್ತರಿಸಿ. ಎಲೆಯ ಗೆಣ್ಣಿನ ಕಾಲು ಇಂಚು ಮೇಲೆ ಕತ್ತರಿ ಬೀಳಬೇಕು. ಮುಂದಿನ ಸಾಲಿನ ಕಾಂಡಗಳನ್ನು ಹೆಚ್ಚು, ಹಿಂದಿನವನ್ನು ಕಡಿಮೆ ಕತ್ತರಿಸಿದರೆ ಹೂವು ಮೆಟ್ಟಿಲಿನಂತೆ ಕೂರುತ್ತದೆ. ಜೋರಾಗಿ ಬೆಳೆಯುವ ಕಡೆ ಜೂನ್ ಕೊನೆಗೆ ಇನ್ನೊಮ್ಮೆ ಕುಡಿ ಚಿವುಟಬಹುದು. ಜುಲೈ ಮೊದಲ ವಾರ ದಾಟಿದ ಮೇಲೆ ಕತ್ತರಿ ಮುಟ್ಟಬೇಡಿ. ಮೊಗ್ಗು ಕಟ್ಟುವ ತುದಿಯೇ ಹೋಗಿ, ಹೂ ತಡವಾಗಿ ಮೊದಲ ಹಿಮಕ್ಕೆ ಸಿಕ್ಕಿಬೀಳುತ್ತದೆ. ಹೀಗೆ ಮಾಡಿದರೆ ಎತ್ತರ 5–6 ಅಡಿಗೆ ನಿಲ್ಲುತ್ತದೆ, ಹೂ ಒಂದೆರಡು ವಾರ ತಡ. ಅಂದಹಾಗೆ, ಜೂನ್‌ನಲ್ಲಿ ಜಿಂಕೆ ಬಂದು ತುದಿ ತಿಂದು ಹೋದರೆ ದುಃಖಿಸಬೇಡಿ, ನಿಮ್ಮ ಕೆಲಸವನ್ನೇ ಅದು ಮಾಡಿದೆ. ಏಪ್ರಿಲ್‌ನಲ್ಲಿ ಮೊಲವೋ ಗ್ರೌಂಡ್‌ಹಾಗ್ ಎಂಬ ಬಿಲದ ಪ್ರಾಣಿಯೋ ಎಳೆ ಚಿಗುರನ್ನು ನೆಲಮಟ್ಟಕ್ಕೆ ಸವರಿದರೆ ಮಾತ್ರ ಎರಡಡಿ ಎತ್ತರದ ತಂತಿ ಬಲೆ ಸುತ್ತಬೇಕು.

ಆಧಾರ ಬೇಕೇ ಬೇಕೆಂದರೆ ಗಿಡ ಎರಡು ಅಡಿ ಇರುವಾಗಲೇ ಜಾಲರಿಯ ಬಳೆಯನ್ನು ಮೇಲೆ ನಿಲ್ಲಿಸಿ, ಕಾಂಡಗಳು ಅದರೊಳಗಿಂದ ಬೆಳೆದು ಬರಲಿ.

ಪ್ರಶ್ನೆ: ಪಕ್ಕದ ಮನೆಯವರು ಕೊಟ್ಟ ಶುಂಠಿಯಂಥ ಗೆಡ್ಡೆ ನೆಟ್ಟೆವು. ಹಳದಿ ಹೂ ಬಂತು, ಸಂತೋಷ. ಈಗ ಮೂರನೇ ವರ್ಷ, ಪಾತಿ ಪೂರ್ತಿ ಅದೇ, ಹುಲ್ಲಿನಲ್ಲೂ ಎದ್ದಿದೆ. ಮಣ್ಣು ಕೊಚ್ಚುವ ಯಂತ್ರ, ರೋಟೋಟಿಲ್ಲರ್ ಹೊಡೆದರೆ ಹೋಗುತ್ತದೆಯೇ?
– ಬ್ರಾಂಪ್ಟನ್, ಒಂಟಾರಿಯೊ

ಉತ್ತರ: ದಯವಿಟ್ಟು ಹೊಡೆಯಬೇಡಿ. ಅದು ಜೆರುಸಲೇಂ ಆರ್ಟಿಚೋಕ್, ಸಸ್ಯಶಾಸ್ತ್ರದಲ್ಲಿ ಹೆಲಿಯಾಂಥಸ್ ಟ್ಯೂಬರೋಸಸ್. ಕಣ್ಣಿರುವ ಒಂದು ಸಣ್ಣ ತುಂಡು ಉಳಿದರೂ ಗಿಡವಾಗುತ್ತದೆ. ಯಂತ್ರ ಒಂದು ಗೆಡ್ಡೆಯನ್ನು ಹತ್ತಾಗಿ ಕತ್ತರಿಸಿ ಪಾತಿಯುದ್ದಕ್ಕೂ ನೆಟ್ಟುಕೊಡುತ್ತದೆ ಅಷ್ಟೆ. ಹೂಪಾತಿಯಲ್ಲಿ ಇದಕ್ಕೆ ಜಾಗ ಕೊಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇಕಾದರೆ ದೊಡ್ಡ ಡ್ರಮ್ಮಿನಲ್ಲಿ ಬೆಳೆಸಿ.

ತೆಗೆಯಲು ಎರಡು ಸಮಯ. ಅಕ್ಟೋಬರ್ ಕೊನೆಗೆ ಕಾಂಡ ಒಣಗಿದ ಮೇಲೆ ಮುಳ್ಳುಗುದ್ದಲಿಯಿಂದ ಒಂದು ಅಡಿ ಆಳದವರೆಗೆ ಎಬ್ಬಿಸಿ ಸಿಕ್ಕಷ್ಟೂ ಗೆಡ್ಡೆ ಆರಿಸಿ. ಎಷ್ಟು ಆರಿಸಿದರೂ ವಸಂತದಲ್ಲಿ ಉಳಿದವು ಏಳುತ್ತವೆ. ಎದ್ದ ತಕ್ಷಣ ಕೀಳುವ ಆತುರ ಬೇಡ. ಒಂದೂವರೆ, ಎರಡು ಅಡಿ ಬೆಳೆಯಲು ಬಿಡಿ. ಆ ಹೊತ್ತಿಗೆ ಹಳೆಯ ಗೆಡ್ಡೆಯ ಸತ್ವವೆಲ್ಲ ಕಾಂಡಕ್ಕೆ ಹೋಗಿರುತ್ತದೆ, ಹೊಸ ಗೆಡ್ಡೆ ಇನ್ನೂ ಕಟ್ಟಿರುವುದಿಲ್ಲ. ಆಗ ಬೇರುಸಹಿತ ಕಿತ್ತರೆ ಮತ್ತೆ ಎದ್ದೇಳಲು ಬಂಡವಾಳವೇ ಇರುವುದಿಲ್ಲ. ಹುಲ್ಲಿನಲ್ಲಿ ಎದ್ದವನ್ನು ಹುಲ್ಲು ಕೊಯ್ಯುವ ಯಂತ್ರವೇ ಸುಸ್ತು ಮಾಡುತ್ತದೆ. ಎರಡು ಬೇಸಿಗೆ ಬಿಡದೆ ಹಿಂದೆ ಬೀಳಬೇಕು. ಅಗೆದ ಗೆಡ್ಡೆ ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಅಲ್ಲೇ ತೋಟ ಶುರುವಾಗುತ್ತದೆ.

ಅಡುಗೆಮನೆಗೆ ಒಯ್ಯಬಹುದು. ಸಿಪ್ಪೆ ಹೆರೆದು ಪಲ್ಯ, ಸಾಂಬಾರ್ ಎರಡಕ್ಕೂ ಆಗುತ್ತದೆ. ಇದರಲ್ಲಿರುವುದು ಪಿಷ್ಟವಲ್ಲ, ಇನ್ಯುಲಿನ್. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಹುಳಿತು ವಾಯು ಮಾಡುತ್ತದೆ. ಮೊದಲ ದಿನ ಎರಡು ತುಂಡಿಗೆ ನಿಲ್ಲಿಸಿ, ಇಂಗು ಧಾರಾಳವಾಗಿರಲಿ.

ಪ್ರಶ್ನೆ: ಜೂನ್‌ನಲ್ಲಿ ನೆಟ್ಟ ಎರಡೂ ಗಿಡ ಒಂದು ತಿಂಗಳೊಳಗೆ ಒಣಗಿದವು, ದಿನಾ ನೀರು ಹಾಕಿದರೂ. ನಮ್ಮದು ಕಪ್ಪು ಜಿಗುಟು ಮಣ್ಣು.
– ಫ್ರಿಸ್ಕೊ, ಟೆಕ್ಸಾಸ್

ಉತ್ತರ: ಧಾರವಾಡದ ಎರೆಮಣ್ಣು ಕಂಡವರಿಗೆ ನಿಮ್ಮ ಮಣ್ಣು ಹೊಸದಲ್ಲ, ಒಣಗಿದರೆ ಬಿರುಕು, ನೆನೆದರೆ ಅಂಟು. ಜೂನ್ ನಿಮ್ಮಲ್ಲಿ ನೆಡುವ ಕಾಲವೇ ಅಲ್ಲ. ಕುಂಡದ ಹಗುರ ಮಿಶ್ರಣದೊಳಗಿನ ಬೇರುಮುದ್ದೆ ಬಿಸಿಲಿಗೆ ಒಣಗುತ್ತದೆ, ನೀವು ಹಾಕಿದ ನೀರು ಸುತ್ತಲಿನ ಜಿಗುಟು ಮಣ್ಣಿನಲ್ಲಿ ನಿಲ್ಲುತ್ತದೆ. ಹೊರಗೆ ಕೆಸರು, ಒಳಗೆ ಬರ. ಅಕ್ಟೋಬರ್‌ನಲ್ಲಿ ನೆಡಿ, ತಪ್ಪಿದರೆ ಮಾರ್ಚ್. ನಿಮ್ಮ ಸೀಮೆಗೆ ಮ್ಯಾಕ್ಸಿಮಿಲಿಯನ್ ಸ್ಥಳೀಯ ಗಿಡ, ಸುಣ್ಣದ ಕಪ್ಪು ಮಣ್ಣು ಅದಕ್ಕೆ ತವರು. ನೆಡುವಾಗ ಬೇರುಮುದ್ದೆಯ ಹೊರಗಿನ ಹಗುರ ಮಿಶ್ರಣವನ್ನು ಸ್ವಲ್ಪ ಉದುರಿಸಿ ಬೇರು ನೇರ ಮಣ್ಣಿಗೆ ತಾಗುವಂತೆ ಮಾಡಿ, ಬುಡ ನೆಲಕ್ಕಿಂತ ಒಂದು ಇಂಚು ಎತ್ತರದಲ್ಲಿರಲಿ. ಗುಂಡಿಗೆ ಮರಳು ಸುರಿಯಬೇಡಿ, ಜಿಗುಟು ಮಣ್ಣಿಗೆ ಸ್ವಲ್ಪ ಮರಳು ಸೇರಿದರೆ ಗಾರೆಯಂತೆ ಬಿಗಿಯುತ್ತದೆ. ಎರಡನೇ ಬೇಸಿಗೆಯಿಂದ ಎರಡು ವಾರಕ್ಕೊಮ್ಮೆ ಆಳವಾಗಿ ಕುಡಿಸಿದರೆ ಸಾಕು.

ಬೀಜದಿಂದಲೂ ಬೆಳೆಸಬಹುದು, ಅಗ್ಗ. ಒದ್ದೆ ಮರಳಿನಲ್ಲಿ ಬೆರೆಸಿ ಜಿಪ್ ಚೀಲದಲ್ಲಿ ಫ್ರಿಜ್ಜಿನೊಳಗೆ 30 ದಿನ ಇಟ್ಟು, ಆಮೇಲೆ ಕಾಲು ಇಂಚು ಆಳಕ್ಕೆ ಬಿತ್ತಿ. ಈ ತಂಪು ಸಿಗದಿದ್ದರೆ ಮೊಳಕೆ ಅಲ್ಲೊಂದು ಇಲ್ಲೊಂದು. ಹೂ ಸಾಮಾನ್ಯವಾಗಿ ಎರಡನೇ ವರ್ಷ.

ಪ್ರಶ್ನೆ: ಸ್ವಾಂಪ್ ಸೂರ್ಯಕಾಂತಿಯ ಗುಂಪು ನಡುವೆ ಬೋಳಾಗಿ ಸುತ್ತ ಉಂಗುರದಂತೆ ಬೆಳೆಯುತ್ತಿದೆ. ಎಲೆ ಮೇಲೆ ಬಿಳಿ ಹಿಟ್ಟು ಬೇರೆ.
– ಶಾರ್ಲೆಟ್, ನಾರ್ತ್ ಕೆರೊಲಿನಾ

ಉತ್ತರ: ಬುಡ ಸೀಳುವ ಕಾಲ ಬಂದಿದೆ. ಬೇರುಕಾಂಡ ಪ್ರತಿ ವರ್ಷ ಹೊರಕ್ಕೆ ಹೊಸ ಮರಿ ಕೊಡುತ್ತದೆ, ನಡುವಿನ ಹಳೆ ಬುಡ ಮರಗಟ್ಟಿ ಸೋಲುತ್ತದೆ. ಬೇರೆ ಜಾತಿಗಳಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು. ಸ್ವಾಂಪ್ ಸೂರ್ಯಕಾಂತಿಗೆ ತೇವದ ಒಳ್ಳೆಯ ಮಣ್ಣು ಸಿಕ್ಕರೆ ಎರಡು ಮೂರು ವರ್ಷಕ್ಕೇ ಬೇಕಾಗುತ್ತದೆ. ಶರತ್ಕಾಲದಲ್ಲಿ ಹೂ ಬಿಡುವ ಈ ಗಿಡಗಳನ್ನು ವಸಂತದಲ್ಲೇ ಸೀಳಬೇಕು. ಹೂ ಮುಗಿದ ಮೇಲೆ ಸೀಳಿದರೆ ಚಳಿಯೊಳಗೆ ಬೇರೂರಲು ದಿನವೇ ಇರುವುದಿಲ್ಲ.

ಚಿಗುರು 2–3 ಇಂಚು ಎದ್ದಾಗ ಗುಂಪಿನ ಹೊರಗೆ 6 ಇಂಚು ದೂರದಲ್ಲಿ ಸನಿಕೆಯನ್ನು ನೇರ ಇಳಿಸಿ ಸುತ್ತಲೂ ಕತ್ತರಿಸಿ, ಅಡಿಯಿಂದ ಮೀಟಿ ಇಡೀ ಗಡ್ಡೆ ಎತ್ತಿ. ಹೊರ ಅಂಚಿನಿಂದ 3ರಿಂದ 5 ಚಿಗುರಿರುವ, ಕೈಮುಷ್ಟಿಗಿಂತ ದೊಡ್ಡ ತುಂಡುಗಳನ್ನು ತೆಗೆದುಕೊಳ್ಳಿ. ನಡುಭಾಗ ಎಸೆಯಿರಿ, ಅದನ್ನು ಉಳಿಸುವ ಜಿಪುಣತನ ಬೇಡ. ಗಾಳಿಗೆ ಬೇರು ಒಣಗದಂತೆ ಒದ್ದೆ ಗೋಣಿ ಮುಚ್ಚಿಟ್ಟು ಅದೇ ದಿನ, ಮೊದಲಿದ್ದ ಆಳಕ್ಕೇ, 3 ಅಡಿ ಅಂತರದಲ್ಲಿ ನೆಡಿ. ಬೇರುಕಾಂಡದ ತುಂಡು ಮಾತ್ರ ಸಿಕ್ಕಿದ್ದರೆ ಅಡ್ಡ ಮಲಗಿಸಿ ಕಣ್ಣು ಮೇಲೆ ಮಾಡಿ 2 ಇಂಚು ಮಣ್ಣು ಮುಚ್ಚಿ. ಸೀಳದ ವರ್ಷಗಳಲ್ಲಿ ಏಪ್ರಿಲ್‌ನಲ್ಲಿ ಗುಂಪಿನ ಸುತ್ತ ಒಮ್ಮೆ ಸನಿಕೆ ಇಳಿಸಿ, ಗೆರೆಯಾಚೆ ಎದ್ದ ಮರಿಗಳನ್ನು ಕಿತ್ತರೆ ವಿಸ್ತಾರ ಹತೋಟಿಯಲ್ಲಿರುತ್ತದೆ.

ಬಿಳಿ ಹಿಟ್ಟು ಬೂದಿರೋಗ. ಬೇರು ಒಣಗಿ, ಮೇಲೆ ಗಾಳಿಯಾಡದಿದ್ದಾಗ ಬರುತ್ತದೆ. ಗಿಡ ಸಾಯುವುದಿಲ್ಲ. ಸೀಳಿ ಅಂತರ ಕೊಟ್ಟರೆ ಅರ್ಧ ಕಡಿಮೆಯಾಗುತ್ತದೆ. ರೋಗದ ಎಲೆಗಳನ್ನು ಶರತ್ಕಾಲದಲ್ಲಿ ಗುಡಿಸಿ ತೆಗೆಯಿರಿ.

ಪ್ರಶ್ನೆ: ಹೂವಿನ ತಲೆಗಳು ಯಾರೋ ಬ್ಲೇಡಿನಿಂದ ಕೊಯ್ದಂತೆ ಕತ್ತು ಮುರಿದು ನೇತಾಡುತ್ತಿವೆ. ಹುಳು ಕಾಣಿಸುವುದಿಲ್ಲ.
– ಕೊಲಂಬಸ್, ಒಹಾಯೊ

ಉತ್ತರ: ಮೂತಿಹುಳು, ಕಾಲು ಇಂಚಿನ ಹೊಳೆಯುವ ಕರಿ ದುಂಬಿ. ಹೆಣ್ಣು ಹೂವಿನ ಕೆಳಗೆ ಕಾಂಡದ ಸುತ್ತ ತೂತು ಕೊರೆದು, ನೇತುಬಿದ್ದ ತಲೆಯಲ್ಲಿ ಮೊಟ್ಟೆ ಇಡುತ್ತದೆ. ತಲೆ ಉದುರಿದ ಮೇಲೆ ಮರಿಹುಳು ಅದನ್ನು ತಿಂದು ಮಣ್ಣಿಗೆ ಇಳಿದು ಮುಂದಿನ ವರ್ಷಕ್ಕೆ ಕಾದಿರುತ್ತದೆ. ನೇತಾಡುವ, ಉದುರಿದ ತಲೆಗಳನ್ನೆಲ್ಲ ದಿನಾ ಆರಿಸಿ ಸೋಪಿನ ನೀರಿಗೆ ಹಾಕಿ. ಔಷಧ ಹೊಡೆಯಬೇಡಿ, ಅದೇ ಹೂವಿಗೆ ಜೇನ್ನೊಣ ಬರುತ್ತಿರುತ್ತದೆ. ಪಕ್ಕದ ಕವಲಿನಿಂದ ಮತ್ತೆ ಮೊಗ್ಗು ಬರುತ್ತವೆ.

ಪ್ರಶ್ನೆ: ಮಗಳ ಮನೆ ನ್ಯೂಜೆರ್ಸಿಯಲ್ಲಿದೆ. ಬರುವಾಗ ಎರಡು ಬೇರು ತಂದು ಬೆಂಗಳೂರಿನ ಮನೆಯ ಮುಂದೆ ನೆಡಬಹುದೇ?
– ಜಯನಗರ, ಬೆಂಗಳೂರು

ಉತ್ತರ: ತರಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಬೇರು, ಗೆಡ್ಡೆ, ಬೀಜಗಳಿಗೆ ಆಮದು ಪರವಾನಗಿಯೂ ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಇಟ್ಟುಕೊಂಡು ಬರುವ ವಸ್ತುವಲ್ಲ.

ತಂದರೂ ಲಾಭವಿಲ್ಲ. ಎಡಿಸನ್ ಕಡೆ ಬೇಸಿಗೆಯ ದೀರ್ಘ ಹಗಲು 15 ಗಂಟೆ, ಚಳಿಗಾಲದ್ದು ಒಂಬತ್ತೂಕಾಲರ ಸುಮಾರು. ಬೆಂಗಳೂರಿನಲ್ಲಿ 13 ಗಂಟೆಗೆ ಸ್ವಲ್ಪ ಕಡಿಮೆ, ಹನ್ನೊಂದೂಕಾಲಕ್ಕೆ ಸ್ವಲ್ಪ ಹೆಚ್ಚು. ಯಾವಾಗ ಬೆಳೆಯಬೇಕು, ಯಾವಾಗ ಹೂ ಬಿಡಬೇಕು, ಯಾವಾಗ ಮಲಗಬೇಕು ಎಂದು ಆ ಗಿಡಗಳು ತಿಳಿಯುವುದು ಹಗಲಿನ ಏರಿಳಿತ ಮತ್ತು ಚಳಿಯಿಂದ. ನಮ್ಮಲ್ಲಿ ಎರಡೂ ಸಪ್ಪೆ. ಜೊತೆಗೆ ಜುಲೈಯಿಂದ ಅಕ್ಟೋಬರ್‌ವರೆಗಿನ ಮಳೆಗೆ ಬುಡ ಕೊಳೆಯುವ ಭಯ.

ಅದರ ಬದಲು ಇಲ್ಲೇ ಸಿಗುವ ಸಣ್ಣ ಹೂವಿನ ಹೆಲಿಯಾಂಥಸ್ ಡೆಬಿಲಿಸ್ ಬೀಜ ಕೇಳಿ. ಫ್ಲಾರಿಡಾ, ಟೆಕ್ಸಾಸ್ ಕಡಲತೀರದ ಮರಳಿನ ಗಿಡ. ಎರಡು ಮೂರು ಅಡಿ, ಹೂ 2–3 ಇಂಚು. ಹಿಮವಿಲ್ಲದ ಕಡೆ ಒಂದೆರಡು ವರ್ಷ ಬಾಳುತ್ತದೆ, ಉದುರಿದ ಬೀಜದಿಂದ ತಾನೇ ಮುಂದುವರಿಯುತ್ತದೆ. ಮೂರು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ದಪ್ಪ ಮರಳು ಸೇರಿಸಿ, ಪಾತಿ ಅರ್ಧ ಅಡಿ ಎತ್ತರಿಸಿ, ಮಳೆ ಮುಗಿಯುವ ಹೊತ್ತಿಗೆ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, 45 ಸೆಂ.ಮೀ. ಅಂತರ ಬಿಡಿ. ಹಟ್ಟಿಗೊಬ್ಬರ ಸುರಿದರೆ ಸೊಪ್ಪಷ್ಟೇ ಬರುತ್ತದೆ. ಒಂದು ಸುತ್ತು ಹೂ ಮುಗಿದಾಗ ಮೂರನೇ ಒಂದು ಭಾಗ ಕತ್ತರಿಸಿ. ಬೇರಿನಿಂದಲೇ ಬಾಳುವ ಹಳದಿ ಬೇಕೆಂದರೆ ಗೋಲ್ಡನ್‌ರಾಡ್ ಬೆಂಗಳೂರಿಗೆ ಹಳೆಯ ಪರಿಚಿತ.

ಪಕ್ಕದ ಖಾಲಿ ಸೈಟಿನ ಪಾರ್ಥೇನಿಯಂ ಮೇಲೆ ಒಂದು ಕಣ್ಣಿರಲಿ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪಟ್ಟೆ ದುಂಬಿ, ಪಾರ್ಥೇನಿಯಂ ಪರಾಗ ಬಿದ್ದ ಸೂರ್ಯಕಾಂತಿ ಎಲೆಯನ್ನೂ ಕಡಿದುನೋಡುತ್ತದೆ. ಔಷಧದ ಅಗತ್ಯವಿಲ್ಲ, ಪಾರ್ಥೇನಿಯಂ ಹೂ ಬಿಡುವ ಮೊದಲು ಕಿತ್ತರೆ ಸಾಕು.

ಪ್ರಶ್ನೆ: ರಸ್ತೆ ಬದಿ ಆಳೆತ್ತರ ಬೆಳೆಯುವ ಮೆಕ್ಸಿಕನ್ ಸೂರ್ಯಕಾಂತಿಯನ್ನು ಎಸ್ಟೇಟ್ ದಾರಿಯ ಎರಡೂ ಬದಿಗೆ ನೆಡುವ ಯೋಚನೆ. ಸುಲಭವಾಗಿ ಬರುತ್ತದಲ್ಲವೇ?
– ಮೂಡಿಗೆರೆ

ಉತ್ತರ: ಸುಲಭವಾಗಿ ಬರುವುದೇ ತೊಂದರೆ. ಅದು ಟಿಥೋನಿಯಾ ಡೈವರ್ಸಿಫೋಲಿಯಾ, ಗಟ್ಟಿ ಕಾಂಡದ ಪೊದೆ. ಹಗುರ ಬೀಜ ಗಾಳಿಗೆ, ಮಳೆನೀರಿಗೆ ಸಾಗುತ್ತದೆ. ಕಡಿದು ಬಿಸಾಡಿದ ಕಾಂಡ ಒದ್ದೆ ನೆಲದಲ್ಲಿ ಬೇರು ಬಿಡುತ್ತದೆ. ಹಳ್ಳದ ದಂಡೆ, ಕಾಡಂಚು ಹತ್ತಿರವಿರುವ ಎಸ್ಟೇಟಿನಲ್ಲಿ ಹೊಸದಾಗಿ ನೆಡಲೇಬೇಡಿ.

ಈಗಾಗಲೇ ಇರುವುದನ್ನು ದುಡಿಸಿಕೊಳ್ಳಿ. ಒಣ ತೂಕದ ಲೆಕ್ಕದಲ್ಲಿ ಎಲೆಯಲ್ಲಿ ಸುಮಾರು ಶೇ 3.5 ಸಾರಜನಕ, ಶೇ 4ರಷ್ಟು ಪೊಟ್ಯಾಸಿಯಂ, ರಂಜಕ ಶೇ 0.4ರ ಒಳಗೆ. ಹಸಿ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆದ್ದರಿಂದ 100 ಕೆ.ಜಿ. ಹಸಿ ಸೊಪ್ಪಿಗೆ ಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ ಸಾರಜನಕ. ಹೂ ಬರುವ ಮೊದಲು, ಅಂದರೆ ಸೆಪ್ಟೆಂಬರ್ ಒಳಗೆ, ಎಲೆ ಮತ್ತು ಎಳೆ ತುದಿ ಮಾತ್ರ ಕೊಯ್ದು ಕಾಫಿ ಬುಡದಿಂದ ಒಂದಡಿ ದೂರ ಹರಡಿ. ಬಲಿತ ಕಾಂಡವನ್ನು ಬಿಸಿಲಿಗೆ ಒಣಗಿಸಿದ ಮೇಲೆ ಮಾತ್ರ ಗುಂಡಿಗೆ ಹಾಕಿ.

ಪ್ರಶ್ನೆ: ಒಣಗಿದ ಕಾಂಡಗಳನ್ನು ಯಾವಾಗ ಕತ್ತರಿಸಬೇಕು?
– ಟೊರಾಂಟೊ

ಉತ್ತರ: ಮಾರ್ಚ್ ಕೊನೆಗೆ, ಬುಡದಲ್ಲಿ ಚಿಗುರು ಕಾಣುವ ಮೊದಲು. ಅಲ್ಲಿಯವರೆಗೆ ಬೀಜ ಗೋಲ್ಡ್‌ಫಿಂಚ್ ಹಕ್ಕಿಗಳಿಗೆ. ನೆಲಮಟ್ಟಕ್ಕೆ ಕತ್ತರಿಸದೆ 12–18 ಇಂಚಿನ ಮೋಟು ಬಿಟ್ಟರೆ ಕಾಂಡದೊಳಗೆ ಗೂಡು ಮಾಡುವ ಒಂಟಿ ಜೇನುಗಳಿಗೆ ಜಾಗ ಸಿಗುತ್ತದೆ. ಹೊಸ ಚಿಗುರು ಮೇ ಕೊನೆಯೊಳಗೆ ಅದನ್ನು ಮುಚ್ಚಿಬಿಡುತ್ತದೆ. ಬೂದಿರೋಗವೋ ತುಕ್ಕುರೋಗವೋ ತಾಗಿದ ವರ್ಷ ಮಾತ್ರ ನವೆಂಬರ್‌ನಲ್ಲೇ ಕತ್ತರಿಸಿ, ಕಸದ ಚೀಲಕ್ಕೆ ಹಾಕಿ ಹೊರಗೆ ಕಳಿಸಿ.